ಸ್ಕಾ ಮತ್ತು ಸ್ವಿಂಗ್ ಹೇಗೆ ಬೆರೆಯುತ್ತೆ?

ಗಿಟಾರ್_ಗಿರಿ: ನ್ಯೂಯಾರ್ಕ್ ಸ್ಕಾ-ಜಾಝ್ ಎನ್ಸೆಂಬಲ್ ಅನ್ನೋ ಬ್ಯಾಂಡ್ ಕೇಳ್ತಿದೀನಿ, ಬಿಡೋಕೇ ಆಗ್ತಿಲ್ಲ. ಗಿಟಾರ್ ಸ್ಕಾ (ಜಮೈಕಾದ ಕುಣಿತದ ಸಂಗೀತ) ಥರ ಚಕ್ ಚಕ್ ಅಂತಿದ್ರೆ ಸ್ಯಾಕ್ಸೋಫೋನ್ ಸ್ವಿಂಗ್, ಅಂದ್ರೆ ಜಾಝ್ ಸಂಗೀತದ ಓಲಾಡೋ ಲಯ, ಆಡ್ತಿರುತ್ತೆ. ಎರಡೂ ಹೊಂದ್ಕೊಂಡಿದ್ದು ಹೇಗೆ?

ಬೇಸ್_ಮೂರ್ತಿ: ಹೊಂದ್ಕೊಳ್ಳೋದೇನು ಬಂತು ಮಾರಾಯ, ಮೊದಲಿಂದಲೂ ಒಂದೇ ಮನೆಯವು! 1964ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸ್ಕಾಟಲೈಟ್ಸ್ ಅನ್ನೋ ಸ್ಕಾ ಬ್ಯಾಂಡ್ ಕಟ್ಟಿದವರು ಜಾಝ್‌ನಲ್ಲಿ ಪಳಗಿದವರು. ಟ್ರೊಂಬೋನಿನ ಡಾನ್ ಡ್ರಮಂಡ್, ಸ್ಯಾಕ್ಸಿನ ಟಾಮಿ ಮೆಕುಕ್ ಇಬ್ಬರೂ ಅಲ್ಲಿನ ಆಲ್ಫಾ ಬಾಯ್ಸ್ ಸ್ಕೂಲಲ್ಲಿ ಕಲಿತವರು. ನೀನು ಹೇಳಿದ ಬ್ಯಾಂಡು 1994ರದ್ದು. ನ್ಯೂಯಾರ್ಕಿನ ಸ್ಕಾ ಬ್ಯಾಂಡ್ ಟೋಸ್ಟರ್ಸ್, ಮತ್ತೆ ಸ್ಕಾಟಲೈಟ್ಸ್ ಕಡೆಯವರು ಸೇರಿ ಕಟ್ಟಿದ್ದು.

ಬೇಸ್ ಒಂದನ್ನೇ ಕಿವಿಗೊಟ್ಟು ಕೇಳು: ಬೀಟಿಗೊಂದು ಸ್ವರ, ಮೆಟ್ಟಿಲು ಹತ್ತಿ ಇಳಿದ ಹಾಗೆ. ಅದು ಜಾಝ್ ಕೊಟ್ಟಿದ್ದು. ಗಿಟಾರ್ ಮಾತ್ರ ಎರಡು ಬೀಟಿನ ನಡುವೆ ಬೀಳುತ್ತೆ. ಮೃದಂಗ ಪಾಠ ಆಗಿದ್ರೆ ತಿಶ್ರ ನಡೆ (ಬೀಟಿಗೆ ಮೂರು ಎಣಿಕೆ) ಹಿಡಿ, ‘ತಕಿಟ’ದ ‘ಟ’ ಮೇಲೆ ಹೊಡಿ. ಸ್ವಿಂಗ್ ತಾನಾಗೇ ಬರುತ್ತೆ.

ತಮಟೆ_ತಿಮ್ಮ: ಒಂದು ಮಾತು. ವೇಗ ಏರಿದ್ರೆ ಆ ಓಲಾಟ ಮಾಯ, ಎಲ್ಲ ನೇರ ಆಗ್ಬಿಡುತ್ತೆ. ನಿಧಾನಕ್ಕೆ ಶುರು ಮಾಡಿ. ತಂತಿಯನ್ನ ಹೊಡೆದ ಕೂಡ್ಲೆ ಎಡಗೈ ಸಡಿಲ ಬಿಡಿ, ನಾದ ಉಳೀಬಾರ್ದು.

ಗಿಟಾರ್_ಗಿರಿ: ‘ಟ’ ಕೆಲಸ ಮಾಡ್ತು ಸಾರ್! ಹಿತ್ತಾಳೆ ವಾದ್ಯದವರು ಸಿಗೋವರೆಗೆ ಕೀಬೋರ್ಡಲ್ಲೇ ಸಾಗಿಸ್ಬಹುದಾ?

ಬೇಸ್_ಮೂರ್ತಿ: ಮದುವೆ ಬ್ಯಾಂಡ್‌ಸೆಟ್ಟಿನವರನ್ನ ಕೇಳಿ ನೋಡು. ಟ್ರಂಪೆಟ್ ಊದೋವ್ರು ಅಲ್ಲೇ ಇರ್ತಾರೆ.