ಅಂಗಡಿಯ ಹಳೆ ಕಂಪ್ಯೂಟರ್ ಮಾರಬೇಕು, ಒಳಗೆ ಗಿರಾಕಿಗಳ ಆಧಾರ್ ಇದೆ

ಕೇಳಿದವರು, ಗದಗ-ಬೆಟಗೇರಿ:

ನಮಸ್ಕಾರ. ಬೆಟಗೇರಿಯಲ್ಲಿ ನನ್ನದೊಂದು ಚಿಕ್ಕ ಝೆರಾಕ್ಸ್ ಅಂಗಡಿ. ಡಿಟಿಪಿ, ಆನ್‌ಲೈನ್ ಅರ್ಜಿ ಎಲ್ಲಾ ಮಾಡುತ್ತೇನೆ. ಎರಡು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಮಾರಿ ಹೊಸದು ತರಬೇಕು. ಮೂರರಲ್ಲೂ ವಿಂಡೋಸ್ 10. ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು, ಇವಕ್ಕೆ 11 ಹತ್ತುವುದಿಲ್ಲ. ಡೆಸ್ಕ್‌ಟಾಪ್‌ಗಳಲ್ಲಿ 500 ಜಿಬಿ ಹಾರ್ಡ್ ಡಿಸ್ಕ್ ಇದೆ, ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್.

ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ರೇಟು ಹೇಳಿದ್ದಾರೆ. "ಫಾರ್ಮ್ಯಾಟ್ ಹೊಡದ ಕೊಡ್ರಿ ಅಕ್ಕಾರ, ಸಾಕು" ಅಂದರು. ನನಗೆ ಸಮಾಧಾನವಿಲ್ಲ. ನನ್ನ ಫೋಟೋ ಹೋದರೆ ಹೋಗಲಿ. ಡಿ ಡ್ರೈವ್‌ನಲ್ಲಿ ಆರು ವರ್ಷದ ಸ್ಕ್ಯಾನ್ ಬಿದ್ದಿವೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡ್. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಸ್ಕ್ಯಾನ್ ಮಾಡಿಸಲು ಬಂದ ಹೆಣ್ಣುಮಕ್ಕಳದ್ದೇ ಒಂದು ದೊಡ್ಡ ಫೋಲ್ಡರ್. ಹೀಗೆ ಮಾರಿದವರು ಇದ್ದರೆ ಏನು ಮಾಡಿದಿರಿ ಹೇಳಿ.

ಕಂಪ್ಯೂಟರ್ ರಿಪೇರಿ ಮಾಡುವವರು, ಹುಬ್ಬಳ್ಳಿ:

ಅಕ್ಕಾರ, ನಿಮ್ಮ ಅನುಮಾನ ಸರಿ ಇದೆ. ಡಿಲೀಟ್ ಕೊಟ್ಟರೆ ಫೈಲ್ ಅಳಿಯುವುದಿಲ್ಲ. "ಈ ಜಾಗ ಖಾಲಿ" ಅಂತ ವಿಂಡೋಸ್ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಅದರ ಮೇಲೆ ಇನ್ನೊಂದು ಫೈಲ್ ಬಂದು ಕೂರುವತನಕ ಹಳೆಯದು ಅಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಅಂದರೆ ಆ ಪಟ್ಟಿಯನ್ನೇ ಹೊಸದಾಗಿ ಬರೆದಂತೆ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದರೆ ಹೊಲದಲ್ಲಿನ ಜೋಳ ಮಾಯವಾಗುತ್ತದಾ?

ನನ್ನ ಹತ್ತಿರ ಒಬ್ಬರು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದರು. ಮಗಳ ನಾಮಕರಣದ ಫೋಟೋ ಡಿಲೀಟ್ ಆಗಿವೆ, ತೆಗೆದುಕೊಡಿ ಅಂದರು. ಫೋಟೋರೆಕ್ ಓಡಿಸಿದೆ. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಅದು. ನಾಮಕರಣದ ಫೋಟೋ ಬಂದವು. ಜೊತೆಗೆ ಹಿಂದಿನ ಮಾಲೀಕರ ಸಂಬಳದ ಚೀಟಿ, ಪ್ಯಾನ್ ಕಾರ್ಡ್, ಯಾರದೋ ಲಗ್ನಪತ್ರಿಕೆಯೂ ಬಂದವು. ಹುಡುಕದೇ ಸಿಕ್ಕಿದ್ದು ಇಷ್ಟು. ಹುಡುಕುವವರ ಕೈಗೆ ಸಿಕ್ಕರೆ ಏನು ಗತಿ?

ಈಗ ಕೆಲಸದ ಮಾತು. ಡಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ತೆಗೆಯಿರಿ. "ಕ್ವಿಕ್ ಫಾರ್ಮ್ಯಾಟ್" ಮುಂದಿನ ಟಿಕ್ ತೆಗೆದುಹಾಕಿ. ಹಾಗೆ ಕೊಟ್ಟರೆ ವಿಸ್ತಾದಿಂದ ಈಚೆಗಿನ ವಿಂಡೋಸ್ ಇಡೀ ಡ್ರೈವ್ ತುಂಬ ಸೊನ್ನೆ ಬರೆಯುತ್ತದೆ. 500 ಜಿಬಿಗೆ ಒಂದೂವರೆ-ಎರಡು ತಾಸು ಹಿಡಿಯುತ್ತದೆ, ಡಿಸ್ಕ್ ಹಳೆಯದಾದರೆ ಇನ್ನೂ ಜಾಸ್ತಿ. ಐದು ಸೆಕೆಂಡಿಗೆ ಮುಗಿದರೆ ಅದು ಕ್ವಿಕ್ ಆಗಿದೆ ಅಂತಲೇ ತಿಳಿಯಿರಿ.

ಸಿ ಡ್ರೈವ್‌ಗೆ ಸೆಟ್ಟಿಂಗ್ಸ್ ಒಳಗೆ "ರಿಸೆಟ್ ದಿಸ್ ಪಿಸಿ" ಇದೆ. "ರಿಮೂವ್ ಎವೆರಿಥಿಂಗ್" ಕೊಡಿ. ಆಮೇಲೆ ನೇರ ಮುಂದೆ ಹೋಗಬೇಡಿ. "ಚೇಂಜ್ ಸೆಟ್ಟಿಂಗ್ಸ್" ಒಳಗೆ ಹೋಗಿ "ಕ್ಲೀನ್ ಡೇಟಾ" ಆನ್ ಮಾಡಿ. ಜನ ಎಡವುವುದು ಇಲ್ಲೇ. ಅಲ್ಲೇ ಇನ್ನೊಂದು ಪ್ರಶ್ನೆಯೂ ಇರುತ್ತದೆ: ವಿಂಡೋಸ್ ಇರುವ ಡ್ರೈವ್ ಮಾತ್ರವೋ, ಎಲ್ಲಾ ಡ್ರೈವ್‌ಗಳೋ? ಮೊದಲನೆಯದನ್ನು ಹಾಗೇ ಬಿಟ್ಟರೆ ನಿಮ್ಮ ಡಿ ಡ್ರೈವ್ ಪೂರ್ತಿ ಉಳಿಯುತ್ತದೆ. ರಿಸೆಟ್ ಮಾಡಿದ್ದೇನೆ ಅಂತ ನೀವು ನಿಶ್ಚಿಂತೆಯಿಂದ ಮಾರಿಬಿಡುತ್ತೀರಿ.

ಮೆಣಸಿನಕಾಯಿ ದಲಾಲಿ ಅಂಗಡಿಯವರು, ಬ್ಯಾಡಗಿ:

ಇಷ್ಟೆಲ್ಲಾ ಯಾಕೆ? ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ, ಡಬ್ಬಿ ಮಾರಿ. ನಾನು ಮಾಡಿದ್ದು ಅದನ್ನೇ. ನಾಲ್ಕು ಸ್ಕ್ರೂ, ಎರಡು ವೈರು. ರೈತರ ಹೆಸರು, ಬ್ಯಾಂಕ್ ಖಾತೆ, ಯಾರಿಗೆ ಎಷ್ಟು ಮುಂಗಡ ಎಲ್ಲಾ ಅದರಲ್ಲಿತ್ತು. "ಡಿಸ್ಕ್ ತಗದ್ರ ಯಾರ ತಗೋತಾರ್ರೀ" ಅಂತ ಆ ವ್ಯಾಪಾರಿ ಕೂಗಾಡಿದ. ಕಡೆಗೆ ಸ್ವಲ್ಪ ರೇಟು ಇಳಿಸಿ ಒಯ್ದ.

ನನ್ನ ತಪ್ಪು ಬೇರೆ ಕಡೆ ಆಯಿತು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಲೈಸೆನ್ಸ್ ಸರೆಂಡರ್ ಮಾಡದೇ ಕಂಪ್ಯೂಟರ್ ಕೊಟ್ಟುಬಿಟ್ಟೆ. ಹೊಸದರಲ್ಲಿ ಹಾಕಲು ಹೋದಾಗ ಒದ್ದಾಟ. ಡಿಸ್ಕನ್ನೇನೋ ಹಿತ್ತಿಲಲ್ಲಿಟ್ಟು ಸುತ್ತಿಗೆಯಿಂದ ಹೊಡೆದೆ. ಅದರ ಹಸಿರು ಬೋರ್ಡ್ ಪುಡಿಪುಡಿಯಾಯಿತು.

ರಿಪೇರಿಯವರು, ಹುಬ್ಬಳ್ಳಿ:

ಸಾವಕಾರ್ರೇ, ಬೋರ್ಡ್ ಒಡೆದರೆ ಸಾಲದು. ಮಾಹಿತಿ ಇರುವುದು ಒಳಗಿನ ತಟ್ಟೆಯ ಮೇಲೆ. ಡ್ರಿಲ್ ಹಿಡಿದು ತಟ್ಟೆಗೇ ಮೂರ್ನಾಲ್ಕು ತೂತು ಹಾಕಬೇಕು. ಕಣ್ಣಿಗೆ ಕನ್ನಡಕ ಇರಲಿ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದಿರುತ್ತದೆ, ಚೂರು ಸಿಡಿಯುತ್ತದೆ. ಆದರೆ ಚಲೋ ಇರುವ ಡಿಸ್ಕ್ ಒಡೆಯುವುದು ನನಗೇನೂ ಸೇರುವುದಿಲ್ಲ. ಸೊನ್ನೆ ತುಂಬಿ, ಯುಎಸ್‌ಬಿ ಕೇಸಿಂಗ್ (ಹೊರಗಿನ ಡಬ್ಬಿ) ಹಾಕಿ ಬ್ಯಾಕಪ್‌ಗೆ ಬಳಸಿ. ಡೆಸ್ಕ್‌ಟಾಪ್ ಡಿಸ್ಕಿಗೆ ಕರೆಂಟ್ ಅಡಾಪ್ಟರ್ ಇರುವ ಕೇಸಿಂಗೇ ಬೇಕು.

ಕಾಲೇಜಿನಲ್ಲಿ ಪಾಠ ಮಾಡುವವರು, ಧಾರವಾಡ:

ಎರಡು ಮಾತು ಸೇರಿಸುತ್ತೇನೆ. 35 ಸಲ ಮೇಲೆ ಮೇಲೆ ಬರೆಯಬೇಕು ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪೀಟರ್ ಗಟ್‌ಮನ್ 1996ರಲ್ಲಿ ಆಗಿನ ಡಿಸ್ಕ್‌ಗಳನ್ನು ಕುರಿತು ಬರೆದದ್ದು ಅದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 2014ರ ಮಾರ್ಗಸೂಚಿ ಪ್ರಕಾರ ಈಗಿನ ಹಾರ್ಡ್ ಡಿಸ್ಕಿಗೆ ಸಾಮಾನ್ಯವಾಗಿ ಒಂದು ಸಲ ಬರೆದರೆ ಸಾಕು. ತೊಂದರೆ ಇರುವುದು ಆ ಒಂದು ಸಲವನ್ನೂ ಜನ ಮಾಡದಿರುವುದರಲ್ಲಿ. ಅಮೆರಿಕದ ಎಂಐಟಿಯ ಇಬ್ಬರು 158 ಹಳೆ ಡಿಸ್ಕ್ ಕೊಂಡು ತೆರೆದು ನೋಡಿದ್ದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. 2003ರ ಲೇಖನ ಅದು, ನಾನು ಈಗಲೂ ಕ್ಲಾಸಿನಲ್ಲಿ ಹೇಳುತ್ತೇನೆ.

ಎರಡನೆಯದು ನಿಮ್ಮ ಲ್ಯಾಪ್‌ಟಾಪ್. ಎಸ್‌ಎಸ್‌ಡಿಗೆ ಈ ಸೊನ್ನೆ ತುಂಬುವ ಲೆಕ್ಕ ಪೂರ್ತಿ ನಡೆಯುವುದಿಲ್ಲ. ಒಂದೇ ಜಾಗ ಬೇಗ ಸವೆಯಬಾರದು ಅಂತ ಅದು ಬರೆಯುವ ಜಾಗವನ್ನು ತಾನೇ ಬದಲಿಸುತ್ತಾ ಹೋಗುತ್ತದೆ. ಒಂದಿಷ್ಟು ಜಾಗವನ್ನು ವಿಂಡೋಸ್‌ಗೆ ತೋರಿಸುವುದೇ ಇಲ್ಲ. ಅಲ್ಲಿ ಹಳೆಯ ಚೂರು ಉಳಿಯಬಹುದು. ಎಸ್‌ಎಸ್‌ಡಿ ಮಾಡಿದ ಕಂಪನಿಯ ಸಾಫ್ಟ್‌ವೇರ್‌ನಲ್ಲಿ "ಸೆಕ್ಯೂರ್ ಇರೇಸ್" ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಮೊದಲು ಬಿಟ್‌ಲಾಕರ್ ಹಾಕಿ, ಡ್ರೈವ್‌ನಲ್ಲಿರುವುದನ್ನೆಲ್ಲಾ ಕೀ ಇಲ್ಲದೆ ಓದಲಾಗದಂತೆ ಮಾಡುವ ವಿಂಡೋಸ್‌ನದೇ ಸೌಲಭ್ಯ ಅದು. ಆಗ ಅದು "ಬಳಸಿದ ಜಾಗ ಮಾತ್ರವೋ, ಇಡೀ ಡ್ರೈವೋ" ಅಂತ ಕೇಳುತ್ತದೆ. ಇಡೀ ಡ್ರೈವ್ ಕೊಡಿ. ಅದು ಮುಗಿದ ಮೇಲೆ ರಿಸೆಟ್ ಮಾಡಿ. ಅಲ್ಲಿ ಇಲ್ಲಿ ಏನಾದರೂ ಉಳಿದರೂ ಕೀ ಇಲ್ಲದೆ ಯಾರಿಗೂ ಓದಲು ಬರುವುದಿಲ್ಲ. ಹೋಮ್ ಆವೃತ್ತಿಯಲ್ಲಿ ಬಿಟ್‌ಲಾಕರ್ ಪೂರ್ತಿ ಸಿಗದು, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ "ಡಿವೈಸ್ ಎನ್‌ಕ್ರಿಪ್ಶನ್" ಇರುತ್ತದೆ, ನೋಡಿ.

ಹಾಂ, ಇನ್ನೊಂದು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲಾ ಅಂತ ಸುಮ್ನೆ ಇರಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಹುಟ್ಟಿದ ವರ್ಷ, ಅದೇ ಪಾಸ್‌ವರ್ಡ್. ಪಕ್ಕದ ಫೋಲ್ಡರ್‌ನಲ್ಲಿ ಅದೇ ಹುಡುಗನ ಮಾರ್ಕ್ಸ್ ಕಾರ್ಡ್ ಇದ್ದರೆ ಬೀಗದ ಜೊತೆ ಬೀಗದಕೈ ಕೊಟ್ಟ ಹಾಗೆ.

ಗಿರಾಕಿ, ಹಾವೇರಿ:

ನಾನು ಅಂಗಡಿಯವನಲ್ಲ, ಅಂಗಡಿಗೆ ಹೋಗುವವನು. ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ನೋಡಿದೆ. ನನ್ನದಲ್ಲದ ಒಂದು ನಂಬರ್ ಇತ್ತು. "ನನ್ನದಲ್ಲ" ಅಂತ ಅಲ್ಲೇ ತಿಳಿಸಿದೆ. ಆಧಾರ್ ಪ್ರತಿ ಎಲ್ಲಿಂದ ಹೋಯಿತೋ ಹೇಳಲಾರೆ, ನಾಲ್ಕಾರು ಕಡೆ ಕೊಟ್ಟಿದ್ದೇನೆ. ಅಂದಿನಿಂದ ನಡೆಯುವ ಕಡೆಯೆಲ್ಲಾ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇನೆ. ಅಕ್ಕಾ, ನೀವು ಕೇಳಿದ್ದೇ ಖುಷಿ ಆಯಿತು.

ಬೇಕರಿಯವರು, ಹುಬ್ಬಳ್ಳಿ:

ಅಳಿಸುವುದಕ್ಕಿಂತ ಮುಂಚೆ ಲಾಗ್ಔಟ್ ಮಾಡಿ. ಕ್ರೋಮ್‌ನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳು, ಜಿಮೇಲ್, ಎಲ್ಲದರಿಂದ. ವಾಟ್ಸಾಪ್‌ಗೆ ಫೋನಿನಲ್ಲಿ "ಲಿಂಕ್ಡ್ ಡಿವೈಸಸ್" ನೋಡಿ. ನನ್ನದರಲ್ಲಿ ಮೂರು ಕಂಪ್ಯೂಟರ್ ಇದ್ದವು. ಒಂದು ಯಾವುದು ಅಂತ ಇವತ್ತಿಗೂ ನೆನಪಾಗಿಲ್ಲ.

ಕೇಳಿದವರು, ಬೆಟಗೇರಿ, ಒಂದು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಡೆಸ್ಕ್‌ಟಾಪ್‌ಗಳ ಡಿಸ್ಕ್ ಬಿಚ್ಚಿಟ್ಟುಕೊಂಡೆ. ಎರಡಕ್ಕೂ ಸೇರಿ 800 ರೂಪಾಯಿ ಕಡಿಮೆ ಆಯಿತು, ಆಗಲಿ. ಬಿಚ್ಚುವ ಮೊದಲು ರಾತ್ರಿ ಒಂಬತ್ತಕ್ಕೆ ಡಿ ಡ್ರೈವ್ ಫಾರ್ಮ್ಯಾಟ್ ಹಚ್ಚಿದ್ದೆ. ಹತ್ತೂವರೆಗೆ ಕರೆಂಟ್ ಹೋಯಿತು, ಯುಪಿಎಸ್ ಹತ್ತು ನಿಮಿಷವೂ ತಡೆಯಲಿಲ್ಲ. ಮತ್ತೆ ಮೊದಲಿಂದ. ಲ್ಯಾಪ್‌ಟಾಪ್‌ಗೆ ಬಿಟ್‌ಲಾಕರ್ ಹಾಕಿ ರಿಸೆಟ್ ಮಾಡಿದೆ. ವಾಟ್ಸಾಪ್‌ನಲ್ಲಿ ನನಗೂ ಒಂದು ಗುರುತಿಲ್ಲದ ಕಂಪ್ಯೂಟರ್ ಸಿಕ್ಕಿತು!

ರಿಪೇರಿಯವರು, ಹುಬ್ಬಳ್ಳಿ:

ಝೆರಾಕ್ಸ್ ಮಷಿನ್ ಯಾವುದ್ರೀ ಅಕ್ಕಾರ? ದೊಡ್ಡ ಡಿಜಿಟಲ್ ಮಷಿನ್ ಆದರೆ ಅದರೊಳಗೂ ಹಾರ್ಡ್ ಡಿಸ್ಕ್ ಇರುತ್ತದೆ.

ಕೇಳಿದವರು, ಬೆಟಗೇರಿ:

ಸರ್ವಿಸ್‌ನವರನ್ನು ಕೇಳಿದೆ. ನಮ್ಮದು ಚಿಕ್ಕದು, ಡಿಸ್ಕ್ ಇಲ್ಲವಂತೆ. ಆದರೆ ಟೇಬಲ್ ಡ್ರಾಯರ್ ತೆಗೆದಾಗ ಏಳು ಪೆನ್‌ಡ್ರೈವ್ ಸಿಕ್ಕವು. ನಾಲ್ಕು ನನ್ನವು. ಉಳಿದ ಮೂರು ಯಾವ ಗಿರಾಕಿ ಮರೆತು ಹೋದದ್ದೋ ಗೊತ್ತಿಲ್ಲ. ತೆರೆದು ನೋಡಿದರೆ ಯಾರದು ಅಂತ ಗೊತ್ತಾಗಬಹುದು, ಆದರೆ ತೆರೆಯಲು ಮನಸ್ಸು ಬರುತ್ತಿಲ್ಲ. ಇವನ್ನು ಏನು ಮಾಡಲಿ?