ಬರ್ಮಾದಲ್ಲಿ ವಿಮಾನ ಬಿದ್ದು ತೀರಿಕೊಂಡ ಅಜ್ಜಿಯ ತಮ್ಮ: ಆ ದಿನ ಯಾವುದೆಂದು ಎಲ್ಲಿ ಹುಡುಕಲಿ?

ಪಾಂಡವಪುರದ ಮೊಮ್ಮಗಳು:
ನಮ್ಮಜ್ಜಿಯ ತಮ್ಮ ಎರಡನೇ ಮಹಾಯುದ್ಧದ ಹೊತ್ತಿಗೆ ಏರ್‌ಫೋರ್ಸ್ ಸೇರಿದ್ದರು. ಬಾಂಬ್ ಹಾಕುವ ವಿಮಾನದಲ್ಲಿದ್ದರು. 1944ರಲ್ಲಿ ಬರ್ಮಾ ಕಡೆ ವಿಮಾನ ಬಿತ್ತು, ದೇಹ ಸಿಗಲಿಲ್ಲ. ಇನ್ನೂ ಮದುವೆಯೂ ಆಗಿರಲಿಲ್ಲ. ಬಂದಿದ್ದ ತಂತಿಯನ್ನು ಟ್ರಂಕಿನಲ್ಲೇ ಗೆದ್ದಲು ತಿಂದುಹಾಕಿತು. ಉಳಿದಿರುವುದು ಒಂದು ಸ್ಟುಡಿಯೋ ಫೋಟೋ.

ಪಿತೃಪಕ್ಷದಲ್ಲಿ ಅಜ್ಜಿ ಅವರಿಗೆ ಅಂತಲೇ ಬೇರೆ ಎಲೆ ಹಾಕಿ ಎಡೆ ಇಡುತ್ತಿದ್ದರು, ಕಜ್ಜಾಯ ಎರಡು ಜಾಸ್ತಿ. "ಮಹಾಲಯ ಅಮಾವಾಸ್ಯೆ ಎಲ್ಲರದ್ದೂ ಆಯ್ತು, ಅವನದು ಅಂತ ಒಂದು ದಿನ ಬೇಡ್ವಾ" ಎಂದು ಕೊನೆವರೆಗೂ ಕೊರಗಿದರು. ಈಗ ಅಮ್ಮನಿಗೂ ಅದೇ ಚಿಂತೆ. ಮೈಸೂರು ಹೆಸರಿನ ಸ್ಕ್ವಾಡ್ರನ್ ಒಂದಿತ್ತಂತೆ, ಅದರಲ್ಲಿದ್ದರಾ?

ಹಳೇ ಏರ್‌ಮನ್, ಮೈಸೂರು:
ಇಲ್ಲಮ್ಮ. 129ನೇ 'ಮೈಸೂರು' ಸ್ಕ್ವಾಡ್ರನ್ ಬ್ರಿಟಿಷರದು. ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇತ್ತು, ನಿಜ. ಆದರೆ ಅದು ಇಂಗ್ಲೆಂಡಿನಲ್ಲಿದ್ದ ಫೈಟರ್ ದಳ.

ಫೋಟೋದಲ್ಲಿ ಎದೆಯ ಎಡಗಡೆ, ಜೇಬಿನ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಎರಡು ರೆಕ್ಕೆ ಇದ್ದರೆ ಪೈಲಟ್. ಒಂದೇ ರೆಕ್ಕೆ, ಬುಡದಲ್ಲಿ 'ಎ.ಜಿ.' ಅಂತಿದ್ದರೆ ಏರ್ ಗನ್ನರ್, ಅಂದರೆ ವಿಮಾನದಲ್ಲಿ ಕೂತು ಮೆಷಿನ್‌ಗನ್ ಹಾರಿಸುವವರು.

ಪಾಂಡವಪುರದ ಮೊಮ್ಮಗಳು:
ಒಂದೇ ರೆಕ್ಕೆ ಸರ್! 'ಎ' ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಮಸುಕಾಗಿದೆ, 'ಜಿ' ಥರವೇ ಇದೆ. ಇಷ್ಟು ವರ್ಷ ಹೂವಿನ ಹಾರ ಸರಿಯಾಗಿ ಅದರ ಮೇಲೇ ಬೀಳುತ್ತಿತ್ತು.

ಹಳೇ ಏರ್‌ಮನ್, ಮೈಸೂರು:
ಹಾಗಾದರೆ ಅದು ವೆಂಜೆನ್ಸ್ ವಿಮಾನ ಇರಬಹುದು. ಇಬ್ಬರೇ ಕೂರುವ ಡೈವ್ ಬಾಂಬರ್. ಮುಂದೆ ಪೈಲಟ್, ಹಿಂದೆ ಬಾಲದ ಕಡೆ ಮುಖ ಮಾಡಿ ಗನ್ನರ್. ವಿಮಾನ ಗುರಿಯ ಮೇಲೆ ನೆಟ್ಟಗೆ ಕೆಳಗೆ ಧುಮುಕುವಾಗ ಗನ್ನರ್ ಬೆನ್ನು ನೆಲದ ಕಡೆ, ಕಣ್ಣೆದುರು ಬರೀ ಆಕಾಶ. ಅಷ್ಟು ಸಣ್ಣ ವಯಸ್ಸಿಗೆ ಎಂಥಾ ಗುಂಡಿಗೆ ಬೇಕು ಹೇಳಿ.

ನಮ್ಮ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಅದನ್ನು ಹಾರಿಸಿದವು. 8ನೆಯದು ಬರ್ಮಾ ಕರಾವಳಿಯ ಅರಾಕಾನ್ ಕಡೆ, 7ನೆಯದು ಇಂಫಾಲ ಕಡೆ. ಆಮೇಲೆ ಒಬ್ಬರೇ ಕೂರುವ ಸ್ಪಿಟ್‌ಫೈರ್, ಹರಿಕೇನ್ ಬಂದವು. ಹಾಗಾಗಿ 1944ರ ಮೊದಲರ್ಧವನ್ನೇ ಮೊದಲು ನೋಡಿ.

ಪಶ್ಚಿಮವಾಹಿನಿ:
ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಹುಡುಕಿ ಅಕ್ಕ, ದುಡ್ಡು ಕೊಡಬೇಕಿಲ್ಲ. ದೇಹ ಸಿಗದ ಏರ್‌ಫೋರ್ಸ್‌ನವರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿವೆ. ಭೂಸೇನೆಯವರೂ ಸೇರಿ 24,000ಕ್ಕೂ ಜಾಸ್ತಿ. ದಾಖಲೆಯಲ್ಲಿ ತೀರಿಕೊಂಡ ದಿನಾಂಕ, ಹೆಸರು ಕೆತ್ತಿದ ಕಂಬದ ಸಂಖ್ಯೆ ಎರಡೂ ಇರುತ್ತವೆ.

ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಬದಲಿಸಿ ಬದಲಿಸಿ ನೋಡಿ. ಊರು ಮಂಡ್ಯ ಅಂತಲೇ ಇರುತ್ತದೆ ಅಂದುಕೊಳ್ಳಬೇಡಿ. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ, ಬರೀ ಮೈಸೂರು ಅಂತಿರಬಹುದು. ನಿಮ್ಮ ಪಾಂಡವಪುರಕ್ಕೆ ಬ್ರಿಟಿಷರು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು, ಅದನ್ನೂ ನೋಡಿ.

ದಿನಾಂಕ ಸಿಕ್ಕರೆ ಇಲ್ಲೇ ಹಾಕಿ. ಹಳೇ ಪಂಚಾಂಗ ನೋಡಿ ಅವತ್ತಿನ ತಿಥಿ ನಾನು ಹೇಳುತ್ತೇನೆ.