ಆಕ್ಸೊಲಾಟಲ್ ಗೊಂಬೆಗೆ ಎಂಥ ಕ್ರೋಶಾ ಪ್ಯಾಟರ್ನ್ ಆರಿಸಬೇಕು?

ಪ್ರಶ್ನೆ

ಏಳು ವರ್ಷದ ನನ್ನ ಮಗಳು ಆಕ್ಸೊಲಾಟಲ್ ಎಂಬ ನೀರುಜೀವಿಯ ಗೊಂಬೆ ಬೇಕೆಂದು ಕೇಳಿದ್ದಾಳೆ. ಕ್ರೋಶಾದಲ್ಲಿ, ಅಂದರೆ ಕೊಕ್ಕೆಕಡ್ಡಿಯ ಹೆಣಿಗೆಯಲ್ಲಿ, ಚೈನ್ (ಸರಪಳಿ ಕುಣಿಕೆ), ಸಿಂಗಲ್ ಕ್ರೋಶಾ (ಗಿಡ್ಡ ಮೂಲ ಸ್ಟಿಚ್), ಸ್ಟಿಚ್ ಹೆಚ್ಚಿಸುವುದು, ಇಳಿಸುವುದು ಇಷ್ಟು ನನಗೆ ಬರುತ್ತದೆ. ಹಿಂದೆ ಸಣ್ಣ ಕರಡಿಯೊಂದನ್ನು ಹೆಣೆದಿದ್ದೇನೆ. ಪ್ಯಾಟರ್ನ್ (ಹೆಣೆಯುವ ಸೂಚನೆ) ಹುಡುಕಿದರೆ ಲೆಕ್ಕವಿಲ್ಲದಷ್ಟು ಸಿಗುತ್ತಿವೆ. ಕೆಲವು ಹೊಲಿಗೆಯೇ ಇಲ್ಲದೆ ಒಂದೇ ತುಂಡಾಗಿ ಮುಗಿಯುತ್ತವೆ, ಕೆಲವಕ್ಕೆ ಹತ್ತಾರು ಬಿಡಿಭಾಗಗಳಿವೆ, ಇನ್ನು ಕೆಲವಕ್ಕೆ ದಪ್ಪ ವೆಲ್ವೆಟ್ ನೂಲೇ ಆಗಬೇಕು. ಮನೆಯಲ್ಲಿ ವರ್ಷ ತುಂಬದ ಮಗುವೂ ಇರುವುದರಿಂದ ಗೊಂಬೆ ಅದರ ಕೈಗೂ ಹೋಗುವುದು ಖಂಡಿತ. ಹಣ ಕೊಟ್ಟು ಕೊಳ್ಳುವ ಮೊದಲು ಪ್ಯಾಟರ್ನಿನಲ್ಲಿ ಏನನ್ನು ನೋಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಮೊದಲು ಕಿವಿರುಗಳನ್ನು ನೋಡಿ, ಆಮೇಲೆ ತಲೆಯನ್ನು. ಆಕ್ಸೊಲಾಟಲ್ ಎಂಬುದು ಬೆಳೆದು ದೊಡ್ಡದಾದ ಮೇಲೂ ಮರಿಗಾಲದ ಕಿವಿರುಗಳನ್ನು ಉಳಿಸಿಕೊಂಡು ನೀರಿನಲ್ಲೇ ಬದುಕುವ ಸ್ಯಾಲಮ್ಯಾಂಡರ್, ಅಂದರೆ ಹಲ್ಲಿಯಂತೆ ಕಾಣುವ ಉಭಯಚರಿ. ತಲೆಯ ಎರಡೂ ಪಕ್ಕ ಮೂರು ಮೂರರಂತೆ ಹೊರಚಾಚಿದ ಆರು ಕವಲುಗಳೇ ಅದರ ಗುರುತು. ಅವು ಸರಿಬಾರದಿದ್ದರೆ ಉಳಿದದ್ದೆಲ್ಲ ಎಷ್ಟೇ ಅಚ್ಚುಕಟ್ಟಾಗಿದ್ದರೂ ನೋಡಿದವರು ಹಲ್ಲಿ ಎಂದೇ ತಿಳಿಯುತ್ತಾರೆ.

ಕೆಲವು ಪ್ಯಾಟರ್ನ್‌ಗಳಲ್ಲಿ ಹತ್ತರಷ್ಟು ಚೈನ್ ಹಾಕಿ, ಹಿಂತಿರುಗುವಾಗ ಪ್ರತಿ ಚೈನಿಗೂ ಎರಡೋ ಮೂರೋ ಸಿಂಗಲ್ ಕ್ರೋಶಾ ಹೆಣೆಯುತ್ತಾರೆ. ಸ್ಟಿಚ್‌ಗಳಿಗೆ ಜಾಗ ಸಾಲದೆ ಪಟ್ಟಿ ತಾನಾಗಿಯೇ ಸುರುಳಿಯಾಗಿ ಕಿವಿರಿನ ಗುಂಗುರು ನೋಟ ಬರುತ್ತದೆ. ನೋಡಲು ಇದೇ ಚೆಂದ. ಆದರೆ ನಿಮ್ಮ ಮನೆಗೆ ಒಪ್ಪುವುದು ಇನ್ನೊಂದು ಬಗೆ: ತಲೆಯ ಸುತ್ತನ್ನು ಹೆಣೆಯುತ್ತಿರುವಾಗಲೇ ಚೈನ್ ಹಾಕಿ, ತೀರಾ ಗಿಡ್ಡದಾದ ಸ್ಲಿಪ್ ಸ್ಟಿಚ್‌ನಲ್ಲಿ ಹಿಂತಿರುಗಿ, ಅಲ್ಲಿಂದಲೇ ಸುತ್ತನ್ನು ಮುಂದುವರಿಸುವುದು. ಮಕ್ಕಳು ಮೊದಲು ಹಿಡಿದೆಳೆಯುವುದೇ ಕಿವಿರನ್ನು. ತಲೆಯ ಜೊತೆಗೇ ಹೆಣೆದದ್ದು ಹೊಲಿದು ಕೂರಿಸಿದ್ದರಂತೆ ಕಿತ್ತುಬರುವುದಿಲ್ಲ. ಬಟ್ಟೆ ಕತ್ತರಿಸಿ ಅಂಟಿಸುವ ಪ್ಯಾಟರ್ನ್ ಬೇಡವೇ ಬೇಡ.

ತಲೆಯ ಆಕಾರವನ್ನು ಮೊದಲ ಸುತ್ತಿನ ಸೂಚನೆಯಲ್ಲೇ ಕಾಣಬಹುದು. ಮ್ಯಾಜಿಕ್ ರಿಂಗಿನಲ್ಲಿ (ಎಳೆದು ಬಿಗಿಮಾಡುವ ನೂಲಿನ ಉಂಗುರದಲ್ಲಿ) 6 ಸ್ಟಿಚ್, ಬಳಿಕ 12, 18, 24 ಎಂದು ಏರುತ್ತಾ ಹೋದರೆ ಬರುವುದು ಗುಂಡು ತಲೆ. ಚೈನ್ ಹಾಕಿ ಅದರ ಎರಡೂ ಅಂಚಿನಲ್ಲಿ ಸುತ್ತಿ ಬರುವ ಪ್ಯಾಟರ್ನ್ ಅಂಡಾಕಾರದಲ್ಲಿ ಬೆಳೆದು, ಆಕ್ಸೊಲಾಟಲ್‌ನ ಅಗಲವಾದ ಚಪ್ಪಟೆ ತಲೆಯನ್ನೂ ಸದಾ ನಗುವಂತಿರುವ ಬಾಯಿಯನ್ನೂ ಸರಿಯಾಗಿ ತರುತ್ತದೆ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ; ಆದರೆ ಮನೆಯಲ್ಲಿ ಕೂಸಿದೆ ಎಂದ ಮೇಲೆ ಕಣ್ಣಿನ ವಿಷಯ ಅದಕ್ಕಿಂತ ಮೊದಲು ಬರಬೇಕು. ಅನೇಕ ಪ್ಯಾಟರ್ನ್‌ಗಳು ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ಕಿನ ಸೇಫ್ಟಿ ಕಣ್ಣುಗಳನ್ನು ಹಾಕಲು ಹೇಳುತ್ತವೆ. ಹಿಂಬದಿಯ ಬಿಲ್ಲೆ ಎಷ್ಟೇ ಬಿಗಿಯಾಗಿದ್ದರೂ ಸುತ್ತಲಿನ ಹೆಣಿಗೆ ಹಿಗ್ಗಿದರೆ ಇಡೀ ಕಣ್ಣೇ ಹೊರಬರುತ್ತದೆ. ಆದ್ದರಿಂದ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗುವ ಗೊಂಬೆಗೆ ಅದು ಸಲ್ಲದು. ಕಪ್ಪು ನೂಲಿನಲ್ಲಿ ಕಸೂತಿ ಹಾಕಿ. ಆಕ್ಸೊಲಾಟಲ್‌ನ ಕಣ್ಣು ರೆಪ್ಪೆಯಿಲ್ಲದ ಪುಟ್ಟ ಕಣ್ಣು, ಕಸೂತಿಯ ಚುಕ್ಕಿಯೇ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ವೆಲ್ವೆಟ್ ನೂಲನ್ನು ಸದ್ಯಕ್ಕೆ ಬಿಡಿ. ಅದರಲ್ಲಿ ಸ್ಟಿಚ್‌ಗಳು ಕಣ್ಣಿಗೆ ಕಾಣದೆ ಬೆರಳಿನಿಂದ ತಡವಿ ಎಣಿಸಬೇಕಾಗುತ್ತದೆ, ಬಿಚ್ಚಿ ಹೆಣೆದರೆ ರೋಮ ಉದುರುತ್ತದೆ. ನುಣುಪಾದ ಹತ್ತಿ ನೂಲನ್ನೋ ಅಕ್ರಿಲಿಕ್ ನೂಲನ್ನೋ ತೆಗೆದುಕೊಂಡು, ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆದರೆ ಒಳಗೆ ತುಂಬಿದ್ದು ಹೊರಗೆ ಇಣುಕುವುದಿಲ್ಲ.

ಉತ್ತರ 3

ಕೊಳ್ಳುವ ಮೊದಲು ಪ್ಯಾಟರ್ನ್ ಅಮೆರಿಕದ ಪದ್ಧತಿಯದೋ ಬ್ರಿಟನ್ನಿನದೋ ಎಂದು ನೋಡಿಕೊಳ್ಳಿ. ಅಮೆರಿಕದವರ ಸಿಂಗಲ್ ಕ್ರೋಶಾವನ್ನೇ ಬ್ರಿಟಿಷರು ಡಬಲ್ ಕ್ರೋಶಾ ಎನ್ನುತ್ತಾರೆ. ಗೊತ್ತಿಲ್ಲದೆ ಅಮೆರಿಕದವರ ಎತ್ತರದ ಡಬಲ್ ಕ್ರೋಶಾ ಹೆಣೆದರೆ ಮೈ ಉದ್ದವಾಗಿ, ನಡುನಡುವೆ ಸಂದು ಬೀಳುತ್ತದೆ. ಪ್ರತಿ ಸುತ್ತಿನ ಕೊನೆಗೆ ಒಟ್ಟು ಸ್ಟಿಚ್ ಎಷ್ಟಿರಬೇಕೆಂದು ಬರೆದಿರದ ಪ್ಯಾಟರ್ನನ್ನು ನಾನಾಗಿದ್ದರೆ ಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಂಡಾಕಾರದ ತಲೆಯಿದ್ದು, ಕಿವಿರೂ ಅದರೊಡನೆಯೇ ಬರುವ ಒಂದು ಪ್ಯಾಟರ್ನ್ ಕಣ್ಣಿಗೆ ಬಿದ್ದಿದೆ. ಬಣ್ಣ ಗುಲಾಬಿಯೇ ಆಗಬೇಕೇ? ಬೆರಳುಗಳು ಮೂರು ಮೂರೇ ಇವೆ, ಅದು ಸರಿಯೇ?

ಉತ್ತರ 1

ನಿಜವಾದ ಆಕ್ಸೊಲಾಟಲ್‌ಗೆ ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು ಬೆರಳು. ಆದರೆ ಇಷ್ಟು ಸಣ್ಣ ಗೊಂಬೆಯಲ್ಲಿ ಮೂರಿದ್ದರೂ ನಡೆಯುತ್ತದೆ. ಗುಲಾಬಿ ಮೈ, ಕಪ್ಪು ಕಣ್ಣಿನವು ಹೆಚ್ಚಾಗಿ ಸಾಕಿ ಬೆಳೆಸಿದವು. ಮೆಕ್ಸಿಕೋದ ಸೋಚಿಮಿಲ್ಕೊ ಕಾಲುವೆಗಳ ಮೂಲ ತಳಿ ಕಡುಗಂದು ಬಣ್ಣದ್ದು. ಆ ಬಣ್ಣ ಆರಿಸಿದರೆ ಕಪ್ಪು ಕಣ್ಣು ಮೈಯೊಳಗೆ ಮರೆಯಾಗುತ್ತದೆ, ಹಾಗಾಗಿ ಸುತ್ತ ಹೊಂಬಣ್ಣದ ಒಂದೆಳೆ ಹಾಕಿ. ನಿಜವಾದ ಕಣ್ಣಿನಲ್ಲೂ ಆ ಉಂಗುರವಿದೆ.